ಬಾಂಬಿನ ಪೆಟ್ಟಿಗೆಯ ಮೇಲೆ ಕಣ್ಣಿಡಿ: ‘ದಿ ಏಜ್ ಆಫ್ ಶಾಡೋಸ್’ ಮತ್ತು 1923ರ ಅಸಲಿ ಕಥೆ

ಕಿಮ್ ಜೀ-ವೂನ್ ನಿರ್ದೇಶಿಸಿದ ‘ದಿ ಏಜ್ ಆಫ್ ಶಾಡೋಸ್’ 2016ರ ಚಿತ್ರ. ಕೊರಿಯಾದಲ್ಲಿ ಅದರ ಹೆಸರು ‘ಮಿಲ್‌ಜಂಗ್’, ಅಂದರೆ ಬೇಹುಗಾರ. ಜಪಾನಿನ ಆಳ್ವಿಕೆಯ ಕಾಲದಲ್ಲಿ ಕೊರಿಯನ್ ಕ್ರಾಂತಿಕಾರಿಗಳು ಶಾಂಘೈನಿಂದ ಸಿಯೋಲ್‌ಗೆ ಬಾಂಬು ಸಾಗಿಸಲು ಹೊರಡುವುದು, ಅವರ ಬೆನ್ನುಹತ್ತಿದ ಕೊರಿಯನ್ ಪೊಲೀಸ್ ಅಧಿಕಾರಿಯೊಬ್ಬ ಎರಡು ಕಡೆಯ ನಡುವೆ ಸಿಕ್ಕಿಕೊಳ್ಳುವುದು ಇದರ ಕಥೆ. ವಾರ್ನರ್ ಬ್ರದರ್ಸ್ ಕೊರಿಯನ್ ಭಾಷೆಯಲ್ಲಿ ತೆಗೆದ ಮೊದಲ ಸಿನಿಮಾ ಇದು. ಆ ವರ್ಷ ದಕ್ಷಿಣ ಕೊರಿಯಾ ಆಸ್ಕರ್‌ಗೆ ಕಳಿಸಿದ್ದೂ ಇದನ್ನೇ, ಆದರೆ ನಾಮನಿರ್ದೇಶನದ ಪಟ್ಟಿಯವರೆಗೂ ಅದು ಹೋಗಲಿಲ್ಲ. ಅವಧಿ 140 ನಿಮಿಷ. ಈ ಚಿತ್ರದ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ದೂರು ಒಂದೇ: ಮೊದಲ ಮುಕ್ಕಾಲು ಗಂಟೆ ಯಾರು ಯಾರ ಕಡೆ ಎಂದೇ ಗೊತ್ತಾಗುವುದಿಲ್ಲ.

ದೂರು ನಿಜ. ಆದರೆ ಯಾರು ಯಾರ ಕಡೆ ಎಂದು ಹುಡುಕುತ್ತಾ ಕೂತರೆ ಈ ಚಿತ್ರ ಕೊನೆಯವರೆಗೂ ಕೈಗೆ ಸಿಗುವುದಿಲ್ಲ. ಪಾತ್ರಗಳನ್ನು ಬಿಟ್ಟು ಸರಕಿನ ಮೇಲೆ ಕಣ್ಣಿಡಿ. ಶಾಂಘೈನಲ್ಲಿ ತಯಾರಾದ ಬಾಂಬುಗಳು ಈಗ ಯಾರ ಕೈಯಲ್ಲಿವೆ? ಮುಂದಿನ ತಪಾಸಣೆ ಎಲ್ಲಿ? ಅಲ್ಲಿ ಪೆಟ್ಟಿಗೆ ಬಿಚ್ಚಿಸುವ ಅಧಿಕಾರ ಯಾರಿಗಿದೆ? ಪ್ರತಿ ದೃಶ್ಯಕ್ಕೂ ಈ ಮೂರು ಪ್ರಶ್ನೆ ಹಾಕಿಕೊಂಡರೆ ಕಥೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಇದಕ್ಕೆ ಕಾರಣವೂ ಇದೆ. ಚಿತ್ರಕ್ಕೆ ಆಧಾರವಾದ 1923ರ ಪ್ರಕರಣ ಹುಟ್ಟಿದ್ದೇ ಸಾಗಾಟದ ಸಮಸ್ಯೆಯಿಂದ. (ಮುಂದೆ ಕಥೆಯ ತಿರುವುಗಳೆಲ್ಲ ಬರುತ್ತವೆ. ನೋಡಿಲ್ಲದವರು ನೋಡಿ ಬಂದು ಓದುವುದು ಒಳ್ಳೆಯದು.)

ಮೊದಲು ಹಿನ್ನೆಲೆ. 1910ರ ಆಗಸ್ಟ್‌ನಲ್ಲಿ ಜಪಾನ್ ಕೊರಿಯಾವನ್ನು ತನ್ನೊಳಗೆ ಸೇರಿಸಿಕೊಂಡಿತು. 1919ರ ಮಾರ್ಚ್ 1ರಂದು ದೇಶದ ಉದ್ದಗಲಕ್ಕೂ ಜನ ಬೀದಿಗಿಳಿದರು. ಆ ಚಳವಳಿಯನ್ನು ರಕ್ತ ಹರಿಸಿ ಅಡಗಿಸಲಾಯಿತು. ಏಪ್ರಿಲ್‌ನಲ್ಲಿ ಶಾಂಘೈನಲ್ಲಿ ಕೊರಿಯಾದ ತಾತ್ಕಾಲಿಕ ಸರ್ಕಾರ ರಚನೆಯಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಈಶಾನ್ಯ ಚೀನಾದ ಮಂಚೂರಿಯಾ ಸೀಮೆಯ ಜಿಲಿನ್ ಪಟ್ಟಣದಲ್ಲಿ ಹದಿಮೂರು ಯುವಕರು ಸೇರಿ ಉಯ್ಯೊಲ್‌ದಾನ್ ಎಂಬ ಗುಪ್ತ ಸಂಘ ಕಟ್ಟಿದರು. ನಾಯಕ ಕಿಮ್ ವಾನ್-ಬಾಂಗ್. ಅವನಿಗಾಗ ಇಪ್ಪತ್ತೊಂದು ವರ್ಷ. ಮನವಿ ಪತ್ರ, ಮೆರವಣಿಗೆಗಳಿಂದ ಏನೂ ಆಗದು ಎಂದು ತೀರ್ಮಾನಿಸಿದ್ದ ಈ ಗುಂಪು ಕೊಲ್ಲತಕ್ಕ ಏಳು ಬಗೆಯ ಜನರ ಮತ್ತು ಒಡೆಯತಕ್ಕ ಐದು ಬಗೆಯ ಗುರಿಗಳ ಪಟ್ಟಿಯನ್ನೇ ಮಾಡಿಕೊಂಡಿತ್ತು. ಒಡೆಯುವ ಪಟ್ಟಿಯಲ್ಲಿ ಗವರ್ನರ್ ಜನರಲ್ ಕಚೇರಿ, ಕೊರಿಯಾದ ಜಮೀನು ಹಿಡಿದಿಟ್ಟಿದ್ದ ಜಪಾನಿ ಸಂಸ್ಥೆ ಓರಿಯೆಂಟಲ್ ಡೆವಲಪ್‌ಮೆಂಟ್ ಕಂಪನಿ, ಪೊಲೀಸ್ ಠಾಣೆಗಳು. ಕೊಲ್ಲುವ ಪಟ್ಟಿಯಲ್ಲಿ ಗವರ್ನರ್ ಜನರಲ್, ಸೇನಾಧಿಕಾರಿಗಳು, ದೇಶದ್ರೋಹಿಗಳು ಮತ್ತು ಶತ್ರುವಿನ ಬೇಹುಗಾರರು. ಚಿತ್ರದ ಮುಖ್ಯ ಪಾತ್ರ, ಜಪಾನಿ ಪೊಲೀಸಿನಲ್ಲಿರುವ ಕೊರಿಯನ್ ಅಧಿಕಾರಿ ಲೀ ಜಂಗ್-ಚೂಲ್, ಈ ಪಟ್ಟಿಯ ಎರಡು ಸಾಲಿಗಾದರೂ ಸರಿಯಾಗಿ ಕೂರುತ್ತಾನೆ. ಕೊರಿಯನ್ ಪ್ರೇಕ್ಷಕರಿಗೆ ಇದು ಹೇಳದೆಯೇ ಗೊತ್ತಿರುವ ಸಂಗತಿ. ನಮಗೆ ಗೊತ್ತಿಲ್ಲದಿದ್ದರೆ ಕ್ರಾಂತಿಕಾರಿಗಳು ಅವನ ಜತೆ ಕುಡಿಯಲು ಕೂರುವ ದೃಶ್ಯದ ಬಿಸಿ ತಟ್ಟುವುದಿಲ್ಲ.

ಈ ಗುಂಪಿನ ದೊಡ್ಡ ಶತ್ರು ಪೊಲೀಸರೇ ಆಗಿರಲಿಲ್ಲ, ಸಿಡಿಯದ ಬಾಂಬೂ ಆಗಿತ್ತು. ದಾಖಲೆಗಳನ್ನು ಸಾಲಾಗಿಟ್ಟು ನೋಡಿದರೆ ಇದು ಸ್ಪಷ್ಟ. 1920ರಲ್ಲಿ ಮಂಚೂರಿಯಾದಿಂದ ಗಡಿ ದಾಟಿಸಿ ತಂದ ಬಾಂಬುಗಳು ಬಳಕೆಗೆ ಮೊದಲೇ ಪೊಲೀಸರ ಪಾಲಾದವು, ಸದಸ್ಯರು ಸಾಲುಸಾಲಾಗಿ ಸಿಕ್ಕಿಬಿದ್ದರು. ಅದೇ ಸೆಪ್ಟೆಂಬರ್ 14ರಂದು ಪಾರ್ಕ್ ಜೇ-ಹ್ಯೊಕ್ ಎಂಬಾತ ಚೀನೀ ಪುಸ್ತಕ ವ್ಯಾಪಾರಿಯ ವೇಷದಲ್ಲಿ ಬುಸಾನ್ ಠಾಣೆಗೆ ಹೋದ. ಅಲ್ಲಿನ ಮುಖ್ಯಾಧಿಕಾರಿಗೆ ಹಳೆಯ ಗ್ರಂಥಗಳ ಹುಚ್ಚು. ಗ್ರಂಥದ ಗಂಟು ಬಿಚ್ಚಿ ತೋರಿಸುತ್ತಲೇ ಎದುರಿಗೆ ಬಾಂಬು ಎಸೆದ. ಅದು ಸಿಡಿಯಿತು, ಎಸೆದವನೂ ಗಾಯಗೊಂಡು ಸೆರೆಯಾದ. ಮರಣದಂಡನೆ ಕಾದಿದ್ದಾಗ ಜೈಲಿನಲ್ಲಿ ಅನ್ನ ಬಿಟ್ಟು ಪ್ರಾಣ ಬಿಟ್ಟ. (ಆ ಅಧಿಕಾರಿಯ ಹೆಸರು ಹಶಿಮೊಟೊ. ಚಿತ್ರದ ಖಳನ ಹೆಸರೂ ಹಶಿಮೊಟೊ.) ಡಿಸೆಂಬರ್ 27ರಂದು ಮಿರ್ಯಾಂಗ್ ಠಾಣೆಗೆ ಎಸೆದ ಎರಡರಲ್ಲಿ ಮೊದಲನೆಯದು ಸಿಡಿಯಲೇ ಇಲ್ಲ, ಎರಡನೆಯದು ಸಿಡಿದರೂ ಯಾರೂ ಸಾಯಲಿಲ್ಲ. 1921ರ ಸೆಪ್ಟೆಂಬರ್ 12ರಂದು ಕಿಮ್ ಇಕ್-ಸಾಂಗ್ ವಿದ್ಯುತ್ ರಿಪೇರಿಯವನ ವೇಷದಲ್ಲಿ ಸಿಯೋಲ್‌ನ ಗವರ್ನರ್ ಜನರಲ್ ಕಚೇರಿಗೇ ಹೊಕ್ಕು ಎರಡು ಬಾಂಬು ಎಸೆದ. ಒಂದು ಠುಸ್ ಆಯಿತು, ಇನ್ನೊಂದು ಸಿಡಿಯಿತು. ಗಲಾಟೆಯ ನಡುವೆ ಅವನು ಮೆಟ್ಟಿಲಿಳಿದು ನಡೆದೇ ಹೋದ. 1922ರ ಮಾರ್ಚ್ 28ರಂದು ಶಾಂಘೈನ ಬಂದರಿನಲ್ಲಿ ಜನರಲ್ ತನಾಕಾ ಗಿಇಚಿ ಹಡಗಿನಿಂದ ಇಳಿಯುವಾಗ ಮೂವರು ದಾಳಿ ಮಾಡಿದರು. ಗುಂಡು ಪಕ್ಕದಲ್ಲಿದ್ದ ಪಾಶ್ಚಾತ್ಯ ಮಹಿಳೆಗೆ ತಗುಲಿ ಆಕೆ ಸತ್ತಳು, ಬಾಂಬು ಸಿಡಿಯಲಿಲ್ಲ, ತನಾಕಾ ಬದುಕಿದ. ಐದು ವರ್ಷಗಳ ನಂತರ ಅದೇ ತನಾಕಾ ಜಪಾನಿನ ಪ್ರಧಾನಿಯಾದ.

ಹೀಗೆ ಒಂದು ಜೀವ ಪಣಕ್ಕಿಟ್ಟು ಒಳನುಗ್ಗಿದವನ ಕೈಯಲ್ಲಿ ಡಬ್ಬಿ ಸಿಡಿಯದೆ ಉಳಿದರೆ ಸಂಘ ಎಷ್ಟು ದಿನ ಬಾಳೀತು? ಆದ್ದರಿಂದ ಕಿಮ್ ವಾನ್-ಬಾಂಗ್ ಶಾಂಘೈನಲ್ಲಿ ಗಟ್ಟಿ ಬಾಂಬು ಮಾಡಬಲ್ಲ ವಿದೇಶಿ ತಜ್ಞನನ್ನು ಹುಡುಕಿದ. ಸಿಕ್ಕಿದವನು ಹಂಗೇರಿಯವನು. ಚಿತ್ರದಲ್ಲಿ ಬರುವ ಹಂಗೇರಿಯ ಪಾತ್ರ ಕಟ್ಟುಕಥೆಯಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಮೂರು ಬಗೆಯವನ್ನು ಮಾಡಿಸಲಾಯಿತು: ಕಟ್ಟಡ ಒಡೆಯಲು, ಬೆಂಕಿ ಹಚ್ಚಲು, ವ್ಯಕ್ತಿಯನ್ನು ಕೊಲ್ಲಲು. ಜಾಗ ಶಾಂಘೈ ಆದದ್ದಕ್ಕೂ ಕಾರಣವಿದೆ. ಆ ನಗರದ ಫ್ರೆಂಚ್ ವಸಾಹತು ಪ್ರದೇಶದಲ್ಲಿ ಕಾನೂನು ಫ್ರೆಂಚರದು; ಜಪಾನಿ ದೂತಾವಾಸದ ಪೊಲೀಸರು ಅಲ್ಲಿಗೆ ನೇರವಾಗಿ ನುಗ್ಗಿ ಬಂಧಿಸುವಂತಿರಲಿಲ್ಲ, ಫ್ರೆಂಚರ ಒಪ್ಪಿಗೆ ಬೇಕಿತ್ತು. ತಾತ್ಕಾಲಿಕ ಸರ್ಕಾರ ಅಲ್ಲಿ ಉಸಿರಾಡಿದ್ದೂ ಇದರಿಂದಲೇ. ಹಾಗಾಗಿ ಬಾಂಬು ತಯಾರಿಸುವುದು ಕಷ್ಟವಾದರೂ ಆಗುವ ಕೆಲಸ. ಸಿಯೋಲ್‌ಗೆ ಸಾಗಿಸುವುದೇ ಆಗದ ಕೆಲಸ.

ಅಷ್ಟರಲ್ಲಿ ಸಿಯೋಲ್‌ನಲ್ಲೇ ಇನ್ನೊಂದು ಸ್ಫೋಟವಾಗಿತ್ತು. ಚಿತ್ರ ಶುರುವಾಗುವುದು ಇದರ ನೆರಳಿನಿಂದ. ಕಿಮ್ ಜಾಂಗ್-ಓಕ್ ಎಂಬ ಪಾತ್ರ ಬುದ್ಧನ ವಿಗ್ರಹ ಮಾರಲು ಶ್ರೀಮಂತನೊಬ್ಬನ ಮನೆಗೆ ಬಂದು, ಮೋಸ ಹೋಗಿ, ಹೆಂಚಿನ ಮಾಡುಗಳ ಮೇಲೆ ಓಡುತ್ತಾ ನೂರಾರು ಪೊಲೀಸರಿಂದ ತಪ್ಪಿಸಿಕೊಳ್ಳಲು ನೋಡುತ್ತಾನೆ. ಗುಂಡು ತಗುಲಿ ಜೋತಾಡುವ ಕಾಲ್ಬೆರಳನ್ನು ತಾನೇ ಕಿತ್ತೆಸೆಯುತ್ತಾನೆ. ಹಳೆಯ ಗೆಳೆಯನಾದ ಪೊಲೀಸ್ ಅಧಿಕಾರಿ ಲೀ ಜಂಗ್-ಚೂಲ್ ಶರಣಾಗೆಂದು ಗೋಗರೆಯುತ್ತಿರುವಂತೆಯೇ ತಲೆಗೆ ಗುಂಡಿಟ್ಟುಕೊಳ್ಳುತ್ತಾನೆ. ಇದರ ಮೂಲ ಕಿಮ್ ಸಾಂಗ್-ಓಕ್. ಸಿಯೋಲ್‌ನ ಪೂರ್ವ ಹೆಬ್ಬಾಗಿಲ ಬಳಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿದ್ದವನು. 1923ರ ಜನವರಿ 12ರ ರಾತ್ರಿ ಜೊಂಗ್ನೊ ಪೊಲೀಸ್ ಠಾಣೆಗೆ ಬಿದ್ದ ಬಾಂಬಿಗಾಗಿ ಪೊಲೀಸರು ಹುಡುಕಿದ್ದು ಇವನನ್ನೇ. ಐದು ದಿನದ ನಂತರ ನಾಮ್‌ಸಾನ್ ಗುಡ್ಡದ ಬದಿಯ ಅಡಗುತಾಣಕ್ಕೆ ಅವರು ನುಗ್ಗಿದಾಗ ಒಬ್ಬನನ್ನು ಕೊಂದು ಹಿಮದಲ್ಲಿ ಬರಿಗಾಲಲ್ಲಿ ಗುಡ್ಡ ಹತ್ತಿ ಪಾರಾದ. ದೇವಾಲಯವೊಂದರಲ್ಲಿ ಭಿಕ್ಷುವಿನ ಉಡುಪು ಪಡೆದು, ಹೆಜ್ಜೆ ಗುರುತು ತಪ್ಪಿಸಲು ಹುಲ್ಲಿನ ಚಪ್ಪಲಿಯನ್ನು ಹಿಂದುಮುಂದಾಗಿ ಮೆಟ್ಟಿಕೊಂಡ ಎಂದು ಹೇಳುತ್ತಾರೆ. ಜನವರಿ 22ರಂದು ಹ್ಯೋಜೆ-ದೊಂಗ್ ಬಡಾವಣೆಯಲ್ಲಿ ನೂರಾರು ಪೊಲೀಸರು ಸುತ್ತುವರಿದರು. ಎರಡು ಕೈಯಲ್ಲಿ ಎರಡು ಪಿಸ್ತೂಲು ಹಿಡಿದು ಮನೆಯಿಂದ ಮನೆಗೆ ಹಾರುತ್ತಾ ಗಂಟೆಗಟ್ಟಲೆ ಕಾದಾಡಿದ. ಕೊನೆಯ ಗುಂಡು ತನಗೇ. ಇಂದು ಸಿಯೋಲ್‌ನ ಮಾರೊನಿಯೆ ಪಾರ್ಕಿನಲ್ಲಿ ಅವನ ಪ್ರತಿಮೆ ಇದೆ.

ಚಿತ್ರ ಇಲ್ಲಿ ಅತಿರಂಜಿಸಿದೆ ಎಂದು ನಾವು ಅಂದುಕೊಳ್ಳುವ ಭಾಗವೇ ಚರಿತ್ರೆಗೆ ಹತ್ತಿರ. ಹೊಸದಾಗಿ ಸೇರಿಸಿದ್ದು ಗೆಳೆತನ ಮಾತ್ರ. ಪ್ರಾಚೀನ ವಸ್ತುವಿನ ಆಸೆ ತೋರಿಸಿ ದೊಡ್ಡವರ ಮನೆ ಹೊಗುವ ಉಪಾಯಕ್ಕೂ ಬುಸಾನ್‌ನ ಆ ಗ್ರಂಥದ ಗಂಟಿಗೂ ನಂಟಿದೆ ಎಂದು ನನ್ನ ಊಹೆ. ಮುಂದೆ ಗಾಂಗ್ ಯೂ ಮಾಡಿರುವ, ಸಂಘದ ಸದಸ್ಯ ಕಿಮ್ ವೂ-ಜಿನ್ ಪಾತ್ರ ಪುರಾತನ ವಸ್ತು ಮತ್ತು ಫೋಟೊ ಸ್ಟುಡಿಯೊದ ವ್ಯಾಪಾರಿಯಾಗಿ ಕಾಣಿಸಿಕೊಳ್ಳುವುದೂ ಇದೇ ತರ್ಕದಲ್ಲಿ. ಶ್ರೀಮಂತರು, ಅಧಿಕಾರಿಗಳು ತಾವಾಗಿ ಬಂದು ಹೋಗುವ ಅಂಗಡಿ ಅದು. ಭಾರದ ಪೆಟ್ಟಿಗೆಗಳು ಬಂದರೆ ಯಾರೂ ಹುಬ್ಬೇರಿಸುವುದಿಲ್ಲ.

ಇನ್ನು ಲೀ ಜಂಗ್-ಚೂಲ್. ಕೊರಿಯದವನೇ ಜಪಾನಿ ಪೊಲೀಸಿನಲ್ಲಿ ಇಷ್ಟು ಮೇಲಿರಲು ಸಾಧ್ಯವೆ ಎಂಬ ಅನುಮಾನ ಸಹಜ. 1919ರವರೆಗೆ ಕೊರಿಯಾದ ಪೊಲೀಸ್ ಕೆಲಸ ಬಹುಪಾಲು ಮಿಲಿಟರಿ ಪೊಲೀಸರ ಕೈಯಲ್ಲಿತ್ತು. ಮಾರ್ಚ್ ಚಳವಳಿಯ ನಂತರ ಗವರ್ನರ್ ಜನರಲ್ ಆಗಿ ಬಂದ ಸೈತೊ ಮಕೊತೊ ‘ಸಾಂಸ್ಕೃತಿಕ ಆಡಳಿತ’ ಎಂಬ ಹೊಸ ನೀತಿ ಸಾರಿ ಮಿಲಿಟರಿ ಪೊಲೀಸರ ಬದಲು ಸಾಮಾನ್ಯ ಪೊಲೀಸರನ್ನು ತಂದ. (ಅವನು ರೈಲಿಳಿದು ಊರು ಹೊಕ್ಕ 1919ರ ಸೆಪ್ಟೆಂಬರ್ 2ರಂದೇ ಅರವತ್ತು ದಾಟಿದ ಕಾಂಗ್ ಉ-ಗ್ಯು ಎಂಬ ಮುದುಕ ಅವನ ಮೇಲೆ ಬಾಂಬು ಎಸೆದಿದ್ದ.) ಹೆಸರು ಮೆದುವಾಯಿತು, ಬಲೆ ದಟ್ಟವಾಯಿತು. ಪ್ರತಿ ಜಿಲ್ಲೆಗೊಂದು ಠಾಣೆ, ಪ್ರತಿ ಹೋಬಳಿಗೊಂದು ಉಪಠಾಣೆ ಎಂಬ ಲೆಕ್ಕದಲ್ಲಿ ಪೊಲೀಸರ ಸಂಖ್ಯೆ ಏರಿತು. ರಾಜಕೀಯ ಪ್ರಕರಣಗಳಿಗೆಂದೇ ‘ಉನ್ನತ ಪೊಲೀಸ್’ ಎಂಬ ವಿಭಾಗವಿತ್ತು. ಆ ವಿಭಾಗಕ್ಕೆ ಭಾಷೆ ಬಲ್ಲ, ಊರು ಬಲ್ಲ, ಚಳವಳಿಯ ಒಳಗಿನವರ ಮುಖ ಬಲ್ಲ ಕೊರಿಯನ್ನರೇ ಬೇಕಿತ್ತು. ಕಾಂಗ್ ಉ-ಗ್ಯುವನ್ನು ಹಿಡಿದದ್ದು ಕಿಮ್ ತೇ-ಸೊಕ್ ಎಂಬ ಕೊರಿಯನ್ ಅಧಿಕಾರಿ. ಲೀ ಜಂಗ್-ಚೂಲ್ ಕೂಡ ಹಿಂದೆ ಶಾಂಘೈನಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಜತೆಗಿದ್ದು, ಅವರನ್ನೇ ಮಾರಿಕೊಂಡು ಮೇಲೇರಿದವನು. ಅವನ ಬೆಲೆ ಇರುವುದು ಹಳೆಯ ಪರಿಚಯಗಳಲ್ಲಿ. ಆ ಪರಿಚಯಸ್ಥರೆಲ್ಲ ಸತ್ತ ದಿನ ಜಪಾನಿಗಳಿಗೆ ಅವನಿಂದ ಆಗಬೇಕಾದ್ದೇನೂ ಇಲ್ಲ. ಅವನ ಅಳುಕಿನ ಬೇರು ಇಲ್ಲಿದೆ. ಈ ಪಾತ್ರ ಮಾಡಿರುವ ಸಾಂಗ್ ಕಾಂಗ್-ಹೋ ಇದನ್ನು ಮಾತಿಲ್ಲದೆ, ಮೇಲಧಿಕಾರಿ ಹಿಗಾಶಿಯ ಮುಂದೆ ನಿಲ್ಲುವ ಭಂಗಿಯಲ್ಲೇ ತೋರಿಸುತ್ತಾನೆ. ಕಿಮ್ ಜಾಂಗ್-ಓಕ್ ಸತ್ತಾಗ ಅವನು ಕಳೆದುಕೊಂಡದ್ದು ಗೆಳೆಯನನ್ನು ಮಾತ್ರವಲ್ಲ, ತನ್ನ ಬಂಡವಾಳದ ಒಂದು ತುಂಡನ್ನೂ. ಹಿಗಾಶಿ ಕೂಡಲೇ ಹಶಿಮೊಟೊ ಎಂಬ ಚುರುಕಿನ ಯುವಕನನ್ನು ಅವನ ಜತೆ ಜೋಡಿಸುವುದು ಅದಕ್ಕೇ.

ಈ ಪಾತ್ರದ ಮೂಲ ಹ್ವಾಂಗ್ ಓಕ್. ಸಿಯೋಲ್ ಸುತ್ತಲಿನ ಗ್ಯೊಂಗಿ ಪ್ರಾಂತ್ಯದ ಪೊಲೀಸ್ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವನು. 1923ರ ಆರಂಭದಲ್ಲಿ ಜೊಂಗ್ನೊ ಠಾಣೆಯ ಪ್ರಕರಣದ ಬೆನ್ನುಹತ್ತುವ ನೆಪದಲ್ಲಿ ಇಲಾಖೆಯ ಅಪ್ಪಣೆಯೊಡನೆ ಚೀನಾಕ್ಕೆ ಹೋದ. ಜತೆಗೆ ಉಯ್ಯೊಲ್‌ದಾನ್‌ನ ಕಿಮ್ ಸಿ-ಹ್ಯಾನ್. ತಿಯಾಂಜಿನ್‌ನಲ್ಲಿ ಹ್ವಾಂಗ್ ಓಕ್ ಕಿಮ್ ವಾನ್-ಬಾಂಗ್‌ನನ್ನು ಭೇಟಿಯಾದ. ಮರಳುವಾಗ ಅವರ ಸಾಮಾನಿನಲ್ಲಿ ಬಾಂಬುಗಳು, ಪಿಸ್ತೂಲುಗಳು, ಜತೆಗೆ ಇತಿಹಾಸಕಾರ ಶಿನ್ ಚೇ-ಹೋ ಆ ಜನವರಿಯಲ್ಲಷ್ಟೇ ಸಂಘಕ್ಕಾಗಿ ಬರೆದುಕೊಟ್ಟಿದ್ದ ಕ್ರಾಂತಿ ಘೋಷಣೆಯ ಪ್ರತಿಗಳು. ಸರಕು ಚೀನಾ-ಕೊರಿಯಾ ಗಡಿಯ ಯಾಲು ನದಿ ದಾಟಿತು, ಸ್ವಲ್ಪ ಭಾಗ ಸಿಯೋಲ್‌ವರೆಗೂ ಬಂತು. ಮಾರ್ಚ್‌ನಲ್ಲಿ ಸುದ್ದಿ ಸೋರಿ ಎಲ್ಲರೂ ಸಿಕ್ಕಿಬಿದ್ದರು.

ವಿಚಾರಣೆಯಲ್ಲಿ ಹ್ವಾಂಗ್ ಓಕ್ ಕೊಟ್ಟ ಉತ್ತರ ಒಂದೇ: ನಾನು ಮಾಡಿದ್ದೆಲ್ಲ ಪೊಲೀಸ್ ಕೆಲಸ, ಸಂಘವನ್ನು ಬೇರುಸಹಿತ ಹಿಡಿಯಲು ಅವರಲ್ಲೊಬ್ಬನಂತೆ ನಟಿಸಿದೆ. ನ್ಯಾಯಾಲಯ ನಂಬಲಿಲ್ಲ, ಕಿಮ್ ಸಿ-ಹ್ಯಾನ್‌ಗೆ ಕೊಟ್ಟ ಹತ್ತು ವರ್ಷವನ್ನೇ ಇವನಿಗೂ ಕೊಟ್ಟಿತು. ಅಷ್ಟೂ ವರ್ಷ ಅವನು ಒಳಗಿರಲಿಲ್ಲ. ಜಪಾನಿ ಪೊಲೀಸರ ಬೇಹುಗಾರನೊಬ್ಬ ತನ್ನ ಯಜಮಾನರಿಂದಲೇ ಕೈಬಿಟ್ಟುಹೋದನೆ, ಅಥವಾ ಕ್ರಾಂತಿಕಾರಿಯೊಬ್ಬ ಸಹಚರರನ್ನು ಉಳಿಸಲು ನ್ಯಾಯಾಲಯದಲ್ಲೂ ವೇಷ ಬಿಚ್ಚಲಿಲ್ಲವೆ? ಕೊರಿಯನ್ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಎರಡು ವಾದಕ್ಕೂ ಸಾಕ್ಷಿ ಒಂದೇ ಎಂಬುದು ಇಲ್ಲಿನ ತೊಡಕು: ಅಪ್ಪಣೆ ಪತ್ರವೂ ನಿಜ, ಗಡಿ ದಾಟಿದ ಬಾಂಬೂ ನಿಜ. ಕಿಮ್ ಸಿ-ಹ್ಯಾನ್ ವಿಷಯದಲ್ಲಿ ಮಾತ್ರ ಯಾವ ಗೊಂದಲವೂ ಇಲ್ಲ. ಸ್ವಾತಂತ್ರ್ಯ ಬಂದ ಮೇಲೂ ಆ ಮನುಷ್ಯ ಸುಮ್ಮನೆ ಕೂರಲಿಲ್ಲ. 1952ರ ಜೂನ್ 25ರಂದು ಬುಸಾನ್‌ನಲ್ಲಿ ಅಧ್ಯಕ್ಷ ಸಿಂಗ್ಮನ್ ರೀ ಮೇಲೆ ಗುಂಡು ಹಾರಿಸುವ ಸಂಚಿನಲ್ಲಿ ಸೆರೆಯಾದ. ಆ ಸಲವೂ ಪಿಸ್ತೂಲು ಸಿಡಿಯಲಿಲ್ಲ.

ಚಿತ್ರದ ಕೊನೆಗೆ ನ್ಯಾಯಾಲಯದಲ್ಲಿ ಲೀ ಜಂಗ್-ಚೂಲ್ ತಾನು ಚಕ್ರವರ್ತಿಗೆ ನಿಷ್ಠನಾದ ಪೊಲೀಸ್, ಮಾಡಿದ್ದೆಲ್ಲ ಕರ್ತವ್ಯ ಎನ್ನುವ ದೃಶ್ಯ ಬಂದದ್ದು ಇಲ್ಲಿಂದ. ಚಿತ್ರ ಅದಕ್ಕೊಂದು ಸ್ಪಷ್ಟ ಉತ್ತರ ಕೊಡುತ್ತದೆ, ಚರಿತ್ರೆ ಕೊಡಲಿಲ್ಲ. ನನ್ನ ಮಟ್ಟಿಗೆ ಚಿತ್ರದ ಸೋಲು ಇದೇ. ಎರಡು ಗಂಟೆಯ ಹತ್ತಿರ ಅವನ ಮನಸ್ಸನ್ನು ಮುಚ್ಚಿಟ್ಟ ನಿರ್ದೇಶಕ ಕಡೆಯ ಅರ್ಧ ಗಂಟೆಯಲ್ಲಿ ಅದನ್ನು ಬಿಚ್ಚಿ ಹರಡಿಬಿಡುತ್ತಾನೆ. ತಣ್ಣಗಿನ ಬೇಹುಗಾರಿಕೆಯ ಚಿತ್ರ ಮಾಡಬೇಕೆಂದು ಹೊರಟಿದ್ದೆ, ಕಾಲದ ಬಿಸಿ ಒಳಗೆ ನುಗ್ಗಿತು ಎಂಬರ್ಥದ ಮಾತನ್ನು ಕಿಮ್ ಜೀ-ವೂನ್ ಸ್ವತಃ ಆಡಿದ್ದಾನೆ. ಬಿಸಿ ಎಲ್ಲಿ ನುಗ್ಗಿತೆಂದು ತೋರಿಸಲು ಬೆರಳಿಡಬೇಕಾದ ಜಾಗ ರೈಲ್ವೆ ನಿಲ್ದಾಣದ ಗುಂಡಿನ ಕಾಳಗ.

ಆದರೆ ಅದಕ್ಕೆ ಮುಂಚಿನ ರೈಲು! ಇಡೀ ಚಿತ್ರ ಇರುವುದೇ ಆ ರೈಲಿಗಾಗಿ. ಮೊದಲು ಭೂಗೋಳ ಹೇಳಿಬಿಡುತ್ತೇನೆ. 1923ರಲ್ಲಿ ಶಾಂಘೈನಿಂದ ಸಿಯೋಲ್‌ಗೆ ಒಂದೇ ರೈಲಿನಲ್ಲಿ ಕೂತು ಬರುವಂತಿರಲಿಲ್ಲ. ಶಾಂಘೈನಿಂದ ನಾನ್‌ಜಿಂಗ್ ತನಕ ಒಂದು ರೈಲು. ಅಲ್ಲಿ ಯಾಂಗ್ಟ್ಸಿ ನದಿಗೆ ಸೇತುವೆ ಇಲ್ಲ, ದೋಣಿಯಲ್ಲಿ ದಾಟಿ ಆಚೆ ದಡದ ಪುಕೌನಲ್ಲಿ ಇನ್ನೊಂದು ರೈಲು ಹತ್ತಿ ತಿಯಾಂಜಿನ್ ಸೇರಬೇಕು. ಬೋಗಿಗಳನ್ನೇ ದಾಟಿಸುವ ಹಡಗು ಬಂದದ್ದು 1933ರಲ್ಲಿ. ತಿಯಾಂಜಿನ್‌ನಿಂದ ಮುಕ್ಡೆನ್, ಅಂದರೆ ಇಂದಿನ ಶೆನ್‌ಯಾಂಗ್. ಅಲ್ಲಿಂದ ಗಡಿಯ ಆಂದೊಂಗ್, ಇಂದಿನ ದಾನ್‌ದೊಂಗ್. ಯಾಲು ನದಿಯ ಸೇತುವೆ ದಾಟಿದರೆ ಸಿನ್ಉಯಿಜು, ಅಲ್ಲಿಂದ ಪ್ಯೊಂಗ್ಯಾಂಗ್ ಮಾರ್ಗವಾಗಿ ಸುಮಾರು 500 ಕಿಲೋಮೀಟರ್ ಸಾಗಿದರೆ ಸಿಯೋಲ್. ಅಥವಾ ಶಾಂಘೈನಿಂದ ಹಡಗು ಹಿಡಿದು ಆಂದೊಂಗ್‌ಗೆ ಬರಬಹುದಿತ್ತು. ಆ ಊರಿನಲ್ಲಿ ಹಡಗು ವ್ಯವಹಾರ ಇಟ್ಟಿದ್ದ ಐರಿಷ್ ಮೂಲದ ಜಾರ್ಜ್ ಶಾ ಕೊರಿಯನ್ ಹೋರಾಟಗಾರರನ್ನು ತನ್ನ ಹಡಗಿನಲ್ಲಿ ಸಾಗಿಸಿದ್ದಕ್ಕೆ 1920ರಲ್ಲಿ ಜಪಾನಿಗಳಿಂದ ಬಂಧನಕ್ಕೊಳಗಾಗಿದ್ದ. ಚಿತ್ರ ಈ ಏರಿಳಿತಗಳನ್ನೆಲ್ಲ ಮಡಚಿ ಒಂದು ರೈಲಿನೊಳಗೆ ಇಟ್ಟಿದೆ. ಒಳ್ಳೆಯದೇ ಆಯಿತು.

ಈ ದಾರಿಯಲ್ಲಿ ಅಪಾಯ ಎಲ್ಲಿ ಶುರುವಾಗುತ್ತದೆ ಎಂಬುದು ಮುಖ್ಯ. ಮುಕ್ಡೆನ್ ದಾಟಿದ ಕೂಡಲೇ. ಮುಕ್ಡೆನ್–ಆಂದೊಂಗ್ ಮಾರ್ಗ ಜಪಾನಿನ ದಕ್ಷಿಣ ಮಂಚೂರಿಯಾ ರೈಲ್ವೆ ಕಂಪನಿಯದು. 1917ರಿಂದ 1925ರವರೆಗೆ ಕೊರಿಯಾದ ಸರ್ಕಾರಿ ರೈಲುಗಳನ್ನು ನಡೆಸುತ್ತಿದ್ದದ್ದೂ ಅದೇ ಕಂಪನಿ. ಎರಡೂ ಕಡೆ ಹಳಿಯ ಅಗಲ ಒಂದೇ, 1,435 ಮಿಲಿಮೀಟರ್. 1911ರಲ್ಲಿ ಯಾಲು ಸೇತುವೆ ತೆರೆದ ಮೇಲೆ ಗಡಿಯಲ್ಲಿ ರೈಲು ಬದಲಿಸುವ ಅಗತ್ಯವೂ ಇರಲಿಲ್ಲ. ಪ್ರಯಾಣಿಕನಿಗೆ ಅನುಕೂಲ, ಕಳ್ಳಸಾಗಣೆಗೆ ಕಂಟಕ. ಏಕೆಂದರೆ ಗಡಿಗೆ ನೂರಾರು ಕಿಲೋಮೀಟರ್ ಮುಂಚೆಯೇ ಗಾರ್ಡಿನಿಂದ ಟಿಕೆಟ್ ನೋಡುವವನವರೆಗೆ ಎಲ್ಲರೂ ಒಂದೇ ಯಜಮಾನನ ಆಳುಗಳು, ತಂತಿ ಸುದ್ದಿ ರೈಲಿಗಿಂತ ಮುಂದೆ ಓಡುತ್ತದೆ, ಓಡುವ ರೈಲಿನಿಂದ ಇಳಿಯಲು ದಾರಿಯಿಲ್ಲ. ಇಂಥ ದಾರಿಯಲ್ಲಿ ಪೆಟ್ಟಿಗೆ ಬಿಚ್ಚದೆ ಸಾಗಬೇಕಾದರೆ ಒಬ್ಬನೇ ಕಾಪಾಡಬಲ್ಲ: ಬೇರೆಯವರ ಪೆಟ್ಟಿಗೆ ಬಿಚ್ಚಿಸುವ ಅಧಿಕಾರ ಇರುವವನು. ಕ್ರಾಂತಿಕಾರಿಗಳಿಗೆ ಪೊಲೀಸ್ ಅಧಿಕಾರಿಯೇ ಯಾಕೆ ಬೇಕಾದ, ಕೊಲ್ಲತಕ್ಕವರ ಪಟ್ಟಿಯಲ್ಲಿದ್ದವನನ್ನು ಕರೆದು ಕೂರಿಸಿ ಜಾಡಿಗಟ್ಟಲೆ ಮದ್ಯ ಯಾಕೆ ಕುಡಿಸಿದರು ಎಂಬುದಕ್ಕೆ ಉತ್ತರ ಇದು. ಶಾಂಘೈನಲ್ಲಿ ಲೀ ಬ್ಯುಂಗ್-ಹುನ್ ಮಾಡಿರುವ ಜಂಗ್ ಚೇ-ಸಾನ್, ಅಂದರೆ ಚಿತ್ರದ ಕಿಮ್ ವಾನ್-ಬಾಂಗ್, ಅವನಿಂದ ಪ್ರಮಾಣ ಕೇಳುವುದಿಲ್ಲ, ನಿಷ್ಠೆ ಕೇಳುವುದಿಲ್ಲ. ಒಂದು ಕೆಲಸ ಮಾತ್ರ ಕೇಳುತ್ತಾನೆ. ಬೇಹುಗಾರರನ್ನು ಒಲಿಸಿಕೊಳ್ಳುವ ಕಲೆ ಬಲ್ಲವರು ಹೀಗೇ ಮಾಡುವುದು: ಮನಸ್ಸು ಪೂರ್ತಿ ತಿರುಗುವವರೆಗೆ ಕಾಯುವುದಿಲ್ಲ, ಹಿಂದಿರುಗಲಾಗದಂಥ ಒಂದು ಸಣ್ಣ ಹೆಜ್ಜೆ ಇಡಿಸುತ್ತಾರೆ.

ರೈಲಿನೊಳಗೆ ಯಾರಿಗೆ ಏನು ಗೊತ್ತು ಎಂಬುದೇ ಆಟ. ಹಶಿಮೊಟೊಗೆ ಕ್ರಾಂತಿಕಾರಿಗಳು ರೈಲಿನಲ್ಲಿದ್ದಾರೆಂದು ಗೊತ್ತು, ಎಲ್ಲಿ ಕೂತಿದ್ದಾರೆಂದು ಗೊತ್ತಿಲ್ಲ. ಕಿಮ್ ವೂ-ಜಿನ್‌ಗೆ ಪೊಲೀಸರು ಹತ್ತಿದ್ದಾರೆಂದು ಗೊತ್ತಾಗುವುದು ತಡವಾಗಿ. ಎರಡೂ ಗೊತ್ತಿರುವವನು ಲೀ ಜಂಗ್-ಚೂಲ್ ಒಬ್ಬನೇ. ಅವನು ಹಶಿಮೊಟೊನ ಕಣ್ಣೆದುರು ಇರಲೂಬೇಕು, ವೂ-ಜಿನ್‌ಗೆ ಸುಳಿವು ಕೊಡಲೂಬೇಕು. ಇದರ ಮೇಲೆ ಇನ್ನೊಂದು ಸುತ್ತು: ಗುಂಪಿನೊಳಗೇ ಒಬ್ಬ ಸುದ್ದಿ ಮುಟ್ಟಿಸುತ್ತಿದ್ದಾನೆ. ಅವನನ್ನು ಹಿಡಿಯಲು ವೂ-ಜಿನ್ ಹೂಡುವ ತಂತ್ರ ಬೇಹುಗಾರಿಕೆಯಷ್ಟೇ ಹಳೆಯದು. ಅನುಮಾನ ಇರುವ ಒಬ್ಬೊಬ್ಬರಿಗೂ ಒಂದೊಂದು ಬೇರೆ ಮಾಹಿತಿ ಕೊಡುವುದು. ಶತ್ರುವಿನ ಬಾಯಲ್ಲಿ ಯಾವುದು ಮರಳಿ ಬರುತ್ತದೋ ಅದನ್ನು ಪಡೆದವನೇ ದ್ರೋಹಿ. ಈ ತಂತ್ರಕ್ಕೊಂದು ಕಡ್ಡಾಯ ಷರತ್ತಿದೆ. ಶತ್ರುವಿಗೆ ಏನು ತಲುಪಿತು ಎಂದು ಹೇಳುವವನೊಬ್ಬ ಶತ್ರುವಿನ ಪಾಳೆಯದಲ್ಲೇ ಇರಬೇಕು. ಹೀಗಾಗಿ ಗುಂಪಿನ ದ್ರೋಹಿ ಸಿಕ್ಕಿಬೀಳಲು ಪೊಲೀಸ್ ಇಲಾಖೆಯ ದ್ರೋಹಿಯ ಬಾಯಿ ಬೇಕು. ಎರಡು ಕಡೆಯ ಕಳ್ಳರೂ ಒಂದೇ ವಾಕ್ಯದಲ್ಲಿ ಬಯಲಾಗುವಂತೆ ಬರೆದ ಈ ಭಾಗ ಚಿತ್ರಕಥೆಯ ಉತ್ತಮಾಂಶ. ಊಟದ ಬೋಗಿಯಲ್ಲಿ ಗುಂಡು ಹಾರುವ ಹೊತ್ತಿಗೆ ನಿಜವಾದ ಕಾಳಗ ಮುಗಿದಿರುತ್ತದೆ.

ಇಲ್ಲಿ ನಿರ್ದೇಶಕನ ಕೈಚಳಕ ಸರಳ. ಬೋಗಿಗಳು ಸಾಲಾಗಿರುವುದರಿಂದ ಪಾತ್ರಗಳು ಹಿಂದೆ, ಮುಂದೆ ಎರಡೇ ದಿಕ್ಕಿಗೆ ಚಲಿಸಬಹುದು. ಯಾರು ಯಾವ ಬೋಗಿಯಲ್ಲಿದ್ದಾರೆಂದು ಮೊದಲೇ ತೋರಿಸಿ, ಆಮೇಲೆ ಹಶಿಮೊಟೊನನ್ನು ಒಂದು ತುದಿಯಿಂದ ನಡೆಸಿಕೊಂಡು ಬರುತ್ತಾನೆ. ಬಾಗಿಲು ತೆರೆದಷ್ಟೂ ಉಳಿದ ಜಾಗ ಕಮ್ಮಿ. ಉಮ್ ತೇ-ಗೂ ಈ ಪಾತ್ರದಲ್ಲಿ ಹಸಿದ ತೋಳದಂತಿದ್ದಾನೆ. ಕೈಕೆಳಗಿನವನ ಕೆನ್ನೆಗೆ ಬಾರಿಸುತ್ತಲೇ ಹೋಗುವ ದೃಶ್ಯವೊಂದಿದೆ, ಎಷ್ಟು ಹೊಡೆತಕ್ಕೆ ನಿಲ್ಲಿಸುತ್ತಾನೋ ಎಂದು ನೋಡುವವರೇ ಮುಖ ಹಿಂಡಿಕೊಳ್ಳುತ್ತಾರೆ. ಅದೇ 2016ರ ಬೇಸಗೆಯಲ್ಲಿ ಗಾಂಗ್ ಯೂ ಬುಸಾನ್‌ಗೆ ಹೋಗುವ ಇನ್ನೊಂದು ರೈಲಿನಲ್ಲಿ (‘ಟ್ರೇನ್ ಟು ಬುಸಾನ್’ ಚಿತ್ರ) ಸೋಂಕಿತ ಶವಗಳ ಜತೆ ಬಡಿದಾಡಿದ್ದ. ಎರಡರಲ್ಲಿ ಬಿಗಿಯಾದ ರೈಲು ಇದು ಎಂದರೆ ಜಗಳಕ್ಕೆ ಬರುವವರಿದ್ದಾರೆ, ಬರಲಿ.

ಸಂಗೀತದ ಬಗ್ಗೆ ಎರಡು ಮಾತು. ಸದಸ್ಯರನ್ನು ಒಬ್ಬೊಬ್ಬರಾಗಿ ಹಿಡಿದು ಬಡಿಯುವ ದೃಶ್ಯಮಾಲೆಗೆ ಲೂಯಿ ಆರ್ಮ್‌ಸ್ಟ್ರಾಂಗ್‌ನ ನಗುನಗುವ ಹಾಡು, ಕಡೆಯ ಸ್ಫೋಟಕ್ಕೆ ರಾವೆಲ್‌ನ ‘ಬೊಲೆರೊ’. ಚಿತ್ರ ತನ್ನ ಕಾಲವನ್ನು 1920ರ ದಶಕ ಎಂದಷ್ಟೇ ಸಡಿಲವಾಗಿ ಇಟ್ಟುಕೊಂಡಿದೆ. 1923ರ ಪ್ರಕರಣಕ್ಕೆ ಕಟ್ಟಿಹಾಕಿದರೆ ಎರಡೂ ಹೊಂದುವುದಿಲ್ಲ, ‘ಬೊಲೆರೊ’ ರಚನೆಯಾದದ್ದೇ 1928ರಲ್ಲಿ. ಕಟ್ಟಡಗಳ ವಿಷಯದಲ್ಲೂ ಇಂಥ ಎಚ್ಚರ ಬೇಕು. ಈ ಕಾಲದ ಸಿನಿಮಾಗಳಲ್ಲಿ ಮತ್ತೆ ಮತ್ತೆ ಕಾಣುವ ಸಿಯೋಲ್ ನಿಲ್ದಾಣದ ಗುಮ್ಮಟದ ಕಟ್ಟಡ ಮುಗಿದದ್ದು 1925ರಲ್ಲಿ, ಅರಮನೆಯೆದುರಿನ ಗವರ್ನರ್ ಜನರಲ್ ಕಚೇರಿಯ ದೊಡ್ಡ ಕಟ್ಟಡ 1926ರಲ್ಲಿ. ಕಿಮ್ ಇಕ್-ಸಾಂಗ್ ನುಗ್ಗಿದ್ದು ನಾಮ್‌ಸಾನ್ ಬುಡದಲ್ಲಿದ್ದ ಹಳೆಯ ಕಚೇರಿಗೆ. ‘ಬೊಲೆರೊ’ ಮಾತ್ರ ಕಾಲಕ್ಕೆ ಒಗ್ಗದಿದ್ದರೂ ದೃಶ್ಯಕ್ಕೆ ಒಗ್ಗುತ್ತದೆ: ಒಂದೇ ತಾಳ, ಒಂದೇ ರಾಗ, ಪ್ರತಿ ಸುತ್ತಿಗೂ ಒಂದೊಂದೇ ವಾದ್ಯ ಸೇರುತ್ತಾ ಏರುತ್ತದೆ, ಬಾಂಬು ಎಲ್ಲಿದೆ ಎಂದು ಬಲ್ಲ ಪ್ರೇಕ್ಷಕ ಕಾಯುತ್ತಾ ಕೂರುತ್ತಾನೆ.

ಚಿತ್ರದ ಇನ್ನೊಂದು ಕೊರತೆ ಸಂಘದ ಸದಸ್ಯೆ ಯಾನ್ ಗ್ಯೇ-ಸೂನ್ ಪಾತ್ರ. ಉಯ್ಯೊಲ್‌ದಾನ್‌ನಲ್ಲಿ ಹ್ಯಾನ್ ಗ್ಯೇ-ಓಕ್ ಎಂಬ ಹೆಣ್ಣುಮಗಳಿದ್ದಳು; ಗಣಿಕೆಯ ಬದುಕು ಬಿಟ್ಟು ಚೀನಾಕ್ಕೆ ಹೋಗಿ ಸಂಘ ಸೇರಿದವಳು. ಆಕೆಯ ನೆರಳಿನಲ್ಲಿ ಕಟ್ಟಿದ ಈ ಪಾತ್ರಕ್ಕೆ ಹಾನ್ ಜಿ-ಮಿನ್ ಜೀವ ತುಂಬಿದರೂ, ಚಿತ್ರಕಥೆ ಅವಳನ್ನು ಕೊನೆಗೆ ಚಿತ್ರಹಿಂಸೆಯ ಕುರ್ಚಿಯಲ್ಲಿ ಕೂರಿಸುತ್ತದೆ, ಲೀ ಜಂಗ್-ಚೂಲ್‌ನ ಪಶ್ಚಾತ್ತಾಪಕ್ಕೆ ನೆಪ ಮಾಡಿಕೊಳ್ಳುತ್ತದೆ. ಸೆರೆಮನೆಯಿಂದ ಹೊರಬರುವ ಅವಳ ಶವ ಕಂಡು ಅವನು ಅಳುತ್ತಾನೆ. ಅಳು ನಿಜ, ಆದರೆ ಅವಳ ಕಥೆ ಎಲ್ಲಿ ಹೋಯಿತು?

ನೋಡಲು ಕೂರುವವರಿಗೆ ಕೆಲವು ಸಲಹೆ. ಆರು ಹೆಸರು ಮೊದಲೇ ನೆನಪಿಟ್ಟುಕೊಂಡರೆ ಸಾಕು. ಪೊಲೀಸರ ಕಡೆ ಹಿಗಾಶಿ, ಹಶಿಮೊಟೊ ಮತ್ತು ನಡುವೆ ಲೀ ಜಂಗ್-ಚೂಲ್. ಸಂಘದ ಕಡೆ ಜಂಗ್ ಚೇ-ಸಾನ್, ಕಿಮ್ ವೂ-ಜಿನ್, ಯಾನ್ ಗ್ಯೇ-ಸೂನ್. ಡಬ್ ಆದ ಆವೃತ್ತಿ ಸಿಕ್ಕರೂ ಬೇಡ. ಪಾತ್ರಗಳು ಕೊರಿಯನ್ ಮತ್ತು ಜಪಾನಿ ಭಾಷೆಗಳ ನಡುವೆ ಸತತವಾಗಿ ಜಿಗಿಯುತ್ತವೆ, ಯಾರ ಮುಂದೆ ಯಾವ ಭಾಷೆ ಎಂಬುದರಲ್ಲೇ ಅಧಿಕಾರದ ಲೆಕ್ಕ ಇದೆ. ಡಬ್ಬಿಂಗ್‌ನಲ್ಲಿ ಎಲ್ಲ ಒಂದೇ ಆಗಿಬಿಡುತ್ತದೆ. ಸಬ್‌ಟೈಟಲ್‌ಗಳಲ್ಲೂ ಕೆಲವು ಮಾತ್ರ ಎರಡು ಭಾಷೆಗಳನ್ನು ಬೇರೆ ಮಾಡಿ ತೋರಿಸುತ್ತವೆ, ಹಾಗಾಗಿ ಮೊದಲ ಹತ್ತು ನಿಮಿಷ ನೋಡಿ ಪರೀಕ್ಷಿಸಿಕೊಳ್ಳಿ. ತೋರಿಸದಿದ್ದರೆ ಕಿವಿಯೇ ಗತಿ: ವಾಕ್ಯದ ಕೊನೆಗೆ ‘ಮಸು’, ‘ದೆಸು’ ಬಂದರೆ ಜಪಾನಿ, ‘ನಿದಾ’, ‘ಯೊ’ ಬಂದರೆ ಕೊರಿಯನ್. ಹಶಿಮೊಟೊ ಮತ್ತು ಲೀ ಜಂಗ್-ಚೂಲ್ ಇಬ್ಬರೇ ಇರುವ ದೃಶ್ಯಗಳಲ್ಲಿ ಇದನ್ನು ಗಮನಿಸಿದರೆ ಯಾರು ಯಾರನ್ನು ಅನುಮಾನಿಸುತ್ತಿದ್ದಾರೆಂದು ಮಾತಿಗೆ ಮುಂಚೆಯೇ ತಿಳಿಯುತ್ತದೆ.